ಫಾಸ್ಟ್ ಅಂದ್ರೆ ಓಡೋದಾ, ನಿಲ್ಲೋದಾ, ಉಪವಾಸಾನಾ?

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಒಂದೇ ಇಂಗ್ಲಿಷ್ ಪದದ ಹಿಂದೆ ಬಿದ್ದಿರೋವು ಜಾಸ್ತಿ ಇದ್ವು, ಅದಕ್ಕೆ ಉಳಿದಿದ್ದನ್ನೆಲ್ಲ ಮುಂದಿನ ತಿಂಗಳಿಗೆ ತಳ್ಳಿ ಇವನ್ನೇ ಒಟ್ಟಿಗೆ ಹಾಕಿದೀನಿ.

ಪ್ರಶ್ನೆ: ಮಗಳು ಪಿಯುಸಿ ಓದ್ತಿದಾಳೆ. ಟೆಸ್ಟಲ್ಲಿ ‘ಫಾಸ್ಟ್ ಅಸ್ಲೀಪ್’ ಅಂತ ಕೊಟ್ಟಿದ್ರು, ಇವಳು ‘ಬೇಗ ನಿದ್ದೆ ಬಂತು’ ಅಂತ ಬರೆದು ಮಾರ್ಕ್ಸ್ ಕಳ್ಕೊಂಡ್ಳು. ಓಟಕ್ಕೂ ಫಾಸ್ಟ್, ಗಾಢ ನಿದ್ದೆಗೂ ಫಾಸ್ಟ್, ಏಕಾದಶಿ ಉಪವಾಸಕ್ಕೂ ಫಾಸ್ಟ್! ಇವು ಮೂರೂ ಬೇರೆ ಬೇರೆ ಪದಗಳಾ ಸರ್, ಸ್ಪೆಲ್ಲಿಂಗ್ ಮಾತ್ರ ಒಂದೇನಾ? (ಗೃಹಿಣಿ, ಹಾಸನ)

ಉತ್ತರ: ಮೂರೂ ಒಂದೇ ಪದ ಮೇಡಂ. ಸ್ಪೆಲ್ಲಿಂಗ್ ಒಂದೇ ಇದ್ದು ಹುಟ್ಟು ಬೇರೆ ಆಗಿರೋ ಪದಗಳು ಇಂಗ್ಲಿಷಲ್ಲಿ ಬೇಕಾದಷ್ಟಿವೆ, ಕ್ರಿಕೆಟ್ ಬ್ಯಾಟಿಗೂ ಬಾವಲಿ ಬ್ಯಾಟಿಗೂ ಏನೂ ಸಂಬಂಧ ಇಲ್ಲ, ಆದ್ರೆ ಫಾಸ್ಟ್ ಆ ಜಾತಿ ಅಲ್ಲ. ನಾವೆಲ್ಲ ಎಡವೋದು ಎಲ್ಲಿ ಅಂದ್ರೆ ವೇಗ ಅನ್ನೋದೇ ಇದರ ಮೂಲ ಅರ್ಥ ಅಂದ್ಕೊಳ್ಳೋದರಲ್ಲಿ. ವೇಗ ಇದರ ಕಿರಿಮಗ, ಎಲ್ಲರಿಗಿಂತ ಕೊನೇಲಿ ಹುಟ್ಟಿ ಮನೆಯೆಲ್ಲ ತನ್ನದೇ ಅಂತ ಕೂತಿದೆ ಅಷ್ಟೇ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಲ್ಲಿ ಇದನ್ನ ಹೆಚ್ಚುಕಮ್ಮಿ ‘ಫ್ಯಾಸ್ಟ್’ ಅಂತಿದ್ರು. ಗಟ್ಟಿ, ಭದ್ರ, ಇದ್ದ ಜಾಗ ಬಿಟ್ಟು ಅಲ್ಲಾಡದ್ದು ಅಂತ ಅರ್ಥ. ಜರ್ಮನ್ನಲ್ಲಿ ಇದರ ದಾಯಾದಿ ‘ಫೆಸ್ಟ್’ ಇವತ್ತಿಗೂ ಅದೇ ಅರ್ಥದಲ್ಲೇ ಓಡಾಡ್ತಿದೆ. ವಿಮಾನದಲ್ಲಿ ಸೀಟ್ ಬೆಲ್ಟ್ ‘ಫಾಸನ್’ ಮಾಡಿ ಅಂತಾರಲ್ಲ ಅದು ಇದೇ ಪದದಿಂದ ಬಂದಿದ್ದು, ಹಡಗಿನವ್ರು ಹಗ್ಗ ಬಿಗಿದು ಕಟ್ಟೋದಕ್ಕೆ ‘ಮೇಕ್ ಫಾಸ್ಟ್’ ಅನ್ನೋದೂ ಇದೇ, ಸ್ಟೆಡ್‌ಫಾಸ್ಟ್ ಅಂದ್ರೆ ನಿಂತ ಜಾಗ ಬಿಡದವನು. ಹಾಗೇ ಫಾಸ್ಟ್ ಅಸ್ಲೀಪ್ ಅಂದ್ರೆ ನಿದ್ದೆ ಅವನನ್ನ ಬಿಗಿಯಾಗಿ ಹಿಡ್ಕೊಂಡಿದೆ, ಅಲುಗಾಡಿಸಿದ್ರೂ ಏಳಲ್ಲ ಅಂತ. ನಾವು ಗಾಢ ನಿದ್ದೆ ಅಂತೀವಲ್ಲ, ಸಂಸ್ಕೃತದಲ್ಲಿ ಗಾಢ ಅನ್ನೋದಕ್ಕೂ ಬಿಗಿ ಅನ್ನೋ ಅರ್ಥ ಇದೆ.

ಇನ್ನು ಉಪವಾಸ. ಇದೂ ಅಲ್ಲಿಂದಾನೇ. ನಾವು ವ್ರತ ‘ಹಿಡೀತೀವಿ’ ಅಲ್ವಾ? ಅವರೂ ಹಾಗೇ, ನೇಮವನ್ನ ಗಟ್ಟಿಯಾಗಿ ಹಿಡ್ಕೊಂಡು ಬಿಡದೇ ಇರೋದೇ ಫಾಸ್ಟ್. 4ನೇ ಶತಮಾನದಲ್ಲಿ ವುಲ್ಫಿಲಾ ಅನ್ನೋ ಬಿಷಪ್ಪು ಇಂಗ್ಲಿಷ್, ಜರ್ಮನ್ನಿನ ಹಳೇ ದಾಯಾದಿ ಗಾಥಿಕ್ ಭಾಷೆಗೆ ಬೈಬಲ್ ತಂದರಲ್ಲ, ಆ ಭಾಷೇಲಿ ‘ಫಾಸ್ತನ್’ ಅನ್ನೋ ಒಂದೇ ಕ್ರಿಯಾಪದಕ್ಕೆ ಕಾಯೋದು, ಪಾಲಿಸೋದು, ಉಪವಾಸ ಇರೋದು ಎಲ್ಲ ಅರ್ಥವೂ ಇತ್ತು. ಹಳೇ ಇಂಗ್ಲಿಷಲ್ಲಂತೂ ಇನ್ನೂ ಮಜಾ, ‘ಫ್ಯಾಸ್ಟೆನ್’ ಅನ್ನೋ ನಾಮಪದಕ್ಕೆ ಒಂದು ಅರ್ಥ ಉಪವಾಸ, ಇನ್ನೊಂದು ಅರ್ಥ ಕೋಟೆ! ಕೋಟೆ ಅಂದ್ರೆ ಭದ್ರವಾದ ಜಾಗ ತಾನೇ. ಈಗಲೂ ಹಳೇ ಶೈಲಿಯ ಇಂಗ್ಲಿಷ್ ಪುಸ್ತಕಗಳಲ್ಲಿ ಬೆಟ್ಟದ ಮೇಲಿನ ದುರ್ಗಕ್ಕೆ ‘ಮೌಂಟನ್ ಫಾಸ್ಟ್‌ನೆಸ್’ ಅಂತ ಸಿಗುತ್ತೆ, ಅದನ್ನ ‘ಬೆಟ್ಟದ ವೇಗ’ ಅಂತ ಮಾಡಿಬಿಟ್ರೆ ಕಥೆ ಮುಗೀತು.

ಸರಿ, ಅಲ್ಲಾಡದೇ ನಿಲ್ಲೋ ಪದ ಓಡೋಕೆ ಶುರು ಮಾಡಿದ್ದು ಹೇಗೆ? ಗಟ್ಟಿಯಾಗಿ ಅನ್ನೋದರಿಂದ ಬಲ ಹಾಕಿ, ಕಸುವಿನಿಂದ ಅನ್ನೋ ಅರ್ಥ ಬಂತು. ಗಟ್ಟಿಯಾಗಿ ಹೊಡಿ, ಗಟ್ಟಿಯಾಗಿ ಎಳಿ, ಹಾಗೇ ‘ಗಟ್ಟಿಯಾಗಿ’ ಓಡು. ಬಲ ಹಾಕಿ ಓಡಿದ್ರೆ ವೇಗವಾಗೇ ಓಡ್ತಾನಲ್ಲ, ಕೇಳೋರ ಕಿವಿಗೆ ಬಲ ಹೋಗಿ ವೇಗ ಉಳ್ಕೊಳ್ತು. ಇದರ ಜೊತೆ ‘ಹತ್ತಿರ, ಒತ್ತಿಕೊಂಡು’ ಅನ್ನೋ ಅರ್ಥವೂ ಇತ್ತು, ಒಬ್ಬನ ಹಿಂದೆ ಅಂಟಿಕೊಂಡ ಹಾಗೆ ಬೆನ್ನಟ್ಟಬೇಕಾದ್ರೂ ವೇಗ ಬೇಕೇ ಬೇಕಲ್ಲ, ಅದೂ ಸೇರಿಕೊಳ್ತು ಅಂತ ಕೆಲವರ ಅಭಿಪ್ರಾಯ. ‘ಫಾಸ್ಟಾಗಿ ಓಡು’ ಅನ್ನೋ ಬಳಕೆ 13ನೇ ಶತಮಾನದ ಹೊತ್ತಿಗೆ ಸಿಗುತ್ತೆ, ‘ಫಾಸ್ಟ್ ಕುದುರೆ’ ಅನ್ನೋ ಥರದ್ದು 16ನೇ ಶತಮಾನದ ಮೇಲೆ.

ಇದು ವಿಚಿತ್ರ ಅನ್ಸಿದ್ರೆ ನಮ್ಮ ‘ಜೋರು’ ನೋಡಿ. ಪಾರ್ಸಿಯಲ್ಲಿ ‘ಜೋರ್’ ಅಂದ್ರೆ ಬರೀ ಬಲ, ಶಕ್ತಿ. ನಮ್ಮಲ್ಲಿಗೆ ಬಂದು ‘ಜೋರಾಗಿ ಓಡು’ ಅಂದಾಗ ಅದು ವೇಗ, ‘ಜೋರಾಗಿ ಮಾತಾಡು’ ಅಂದಾಗ ದನಿ, ‘ಹುಡುಗಿ ಭಾರಿ ಜೋರು’ ಅಂದಾಗ ಇನ್ನೇನೋ. ಇಂಗ್ಲಿಷಿನವರು ನಡೆದ ದಾರಿಯಲ್ಲೇ ನಾವೂ ನಡೆದಿದೀವಿ, ಯಾರೂ ಯಾರನ್ನೂ ನೋಡಿ ಕಲೀಲಿಲ್ಲ. ಮಗಳಿಗೆ ಈ ‘ಜೋರು’ ಹೇಳ್ಕೊಡಿ ಸಾಕು, ಡಿಕ್ಷನರಿಯ ಆ ಉದ್ದ ಪಟ್ಟಿ ಬಾಯಿಪಾಠ ಮಾಡೋದು ತಪ್ಪುತ್ತೆ. ಅಂದ ಹಾಗೆ ಅರ್ಥ ಮರೆತು ಹೋಗೋದು ಇಂಗ್ಲಿಷಿನವರಿಗೂ ಆಗಿದೆ, ನಾಚಿಕೆಗೆ ಕಟ್ಟುಬಿದ್ದವನು ಅನ್ನೋದಕ್ಕೆ ಮೊದಲು ‘ಶೇಮ್‌ಫಾಸ್ಟ್’ ಅಂತಿದ್ರು, ಆ ಫಾಸ್ಟ್ ಯಾಕಿದೆ ಅಂತ ಗೊತ್ತಾಗದೆ ಜನ ಅದನ್ನ ‘ಶೇಮ್‌ಫೇಸ್ಡ್’ ಮಾಡ್ಕೊಂಡ್ರು, ಮುಖ ಕೆಂಪಾಗುತ್ತಲ್ಲ ಅಂತ ಅದೇ ಸರಿ ಅನ್ನಿಸಿರಬೇಕು.

ಪ್ರಶ್ನೆ: ನಮ್ಮದು ಸೀರೆ ಅಂಗಡಿ. ‘ಕಲರ್ ಫಾಸ್ಟಾ?’ ಅಂತ ಕೇಳೋರು ಮೊದಲಿಂದ ಇದ್ರು, ಈಗಿನ ಹುಡುಗ್ರು ‘ಕಲರ್ ಫಾಸ್ಟಾಗಿ ಹೋಗುತ್ತಾ’ ಅಂತ ಕೇಳ್ತಾರೆ. ಯಾವುದು ಸರಿ? (ವ್ಯಾಪಾರಿ, ಗದಗ)

ಉತ್ತರ: ಹಳಬರು ಕೇಳಿದ್ದೇ ಸರಿ, ನೀವು ಅವರಿಗೂ ಇವರಿಗೂ ‘ಹೌದು’ ಅಂದ್ರೆ ಒಬ್ಬರಿಗೆ ಸೀರೆ ಹೋಯ್ತು, ಇನ್ನೊಬ್ಬರು ಎದ್ದು ಹೋದ್ರು! ಇಲ್ಲಿರೋದು ಹಳೇ ಫಾಸ್ಟು, ಬಣ್ಣ ನೂಲನ್ನ ಗಟ್ಟಿಯಾಗಿ ಹಿಡ್ಕೊಂಡಿದೆ ಅಂತ.

ಆದ್ರೆ ಫಾಸ್ಟ್ ಅಂದ್ರೆ ಯಾವುದಕ್ಕೆ ಫಾಸ್ಟ್ ಅಂತಾನೂ ಕೇಳಬೇಕು. ಲ್ಯಾಬುಗಳಲ್ಲಿ ಒಗೆತ, ಬಿಸಿಲು, ಉಜ್ಜಾಟ, ಬೆವರು ಎಲ್ಲಕ್ಕೂ ಬೇರೆ ಬೇರೆ ಟೆಸ್ಟ್ ಇವೆ. ಒಗೆದಾಗ ಬಣ್ಣ ಎಷ್ಟು ಬದಲಾಯ್ತು, ಪಕ್ಕದ ಬಿಳಿ ಬಟ್ಟೆಗೆ ಎಷ್ಟು ಹತ್ತಿಕೊಳ್ತು ಅಂತ ಬೂದು ಬಣ್ಣದ ಅಳತೆಪಟ್ಟಿ ಜೊತೆ ಇಟ್ಟು ನೋಡಿ 1ರಿಂದ 5ರ ತನಕ ನಂಬರ್ ಕೊಡ್ತಾರೆ, 5 ಬಂದ್ರೆ ಅತಿ ಗಟ್ಟಿ. ಬಿಸಿಲಿಗೆ ನೀಲಿ ಉಣ್ಣೆಯ ತುಂಡುಗಳ ಜೊತೆ ಹೋಲಿಸಿ 1ರಿಂದ 8. ಒಂದರಲ್ಲಿ ಪಾಸಾದ ಬಣ್ಣ ಇನ್ನೊಂದರಲ್ಲಿ ಫೇಲಾಗಬಹುದು. ನೀಲಿ ಅಂದ್ರೆ ಇಂಡಿಗೋ ನೀರಲ್ಲಿ ಕರಗಲ್ಲ, ಬಣ್ಣದ ತೊಟ್ಟಿಯಲ್ಲಿ ಅದನ್ನ ಕರಗೋ ರೂಪಕ್ಕೆ ತಂದು ನೂಲಿಗೆ ಕುಡಿಸ್ತಾರೆ, ಹೊರಗೆ ತೆಗೆದು ಗಾಳಿಗೆ ಹಿಡಿದ ಕೂಡಲೇ ತಿರುಗಾ ಕರಗದ ನೀಲಿಯಾಗಿ ನೂಲಲ್ಲೇ ಕೂತ್ಕೊಳ್ಳುತ್ತೆ. ಹಂಗಾಗಿ ಒಗೆತಕ್ಕೆ ಪರವಾಗಿಲ್ಲ, ಆದ್ರೆ ಉಜ್ಜಿದ್ರೆ ಉದುರುತ್ತೆ, ಜೀನ್ಸ್ ಮೊಣಕಾಲ ಹತ್ರ ಬೆಳ್ಳಗಾಗೋದು ಅದಕ್ಕೇ. 1901ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿಯಲ್ಲಿ ರೆನೆ ಬೋನ್ ಅನ್ನೋರು ಇಂಡಾಂತ್ರೀನ್ ನೀಲಿ ಮಾಡಿದ ಮೇಲೆ ಬಿಸಿಲು, ಒಗೆತ ಎರಡಕ್ಕೂ ಜಗ್ಗದ ಬಣ್ಣಗಳ ಒಂದು ಕುಟುಂಬಾನೇ ಬಂತು. ಗಿರಾಕಿಗೆ ಇಷ್ಟೆಲ್ಲ ಹೇಳೋಕಾಗಲ್ಲ ಬಿಡಿ, ‘ಬಣ್ಣ ಬಿಡಲ್ಲಮ್ಮ’ ಅಂತ ಕನ್ನಡದಲ್ಲೇ ಹೇಳಿ.

ಪ್ರಶ್ನೆ: ಅಪ್ಪನ ಕಫ ಪರೀಕ್ಷೆ ರಿಪೋರ್ಟಲ್ಲಿ ‘ಆಸಿಡ್ ಫಾಸ್ಟ್ ಬ್ಯಾಸಿಲೈ’ ಕಂಡಿದೆ ಅಂತ ಬರೆದಿದಾರೆ. ಫಾಸ್ಟಾಗಿ ಹರಡೋ ಜಾತಿದಾ ಅಂತ ಮನೇಲಿ ಎಲ್ರಿಗೂ ಭಯ. (ಓದುಗ, ಬಳ್ಳಾರಿ)

ಉತ್ತರ: ಇಲ್ಲೂ ಆ ಸೀರೆ ಬಣ್ಣದ ಫಾಸ್ಟೇ ಇರೋದು, ವೇಗಕ್ಕೆ ಸಂಬಂಧ ಇಲ್ಲ. ಬ್ಯಾಸಿಲೈ ಅಂದ್ರೆ ಕಡ್ಡಿಯಾಕಾರದ ಬ್ಯಾಕ್ಟೀರಿಯಾ, ಕ್ಷಯದ್ದು ಆ ಜಾತಿ, ಅದರ ಮೇಲೆ ಮೇಣದಂಥ ಒಂದು ಪದರ ಇರುತ್ತೆ. ಗಾಜಿನ ಮೇಲೆ ಕಫ ಸವರಿ ಕೆಂಪು ಬಣ್ಣ ಹಾಕಿ ಬಿಸಿ ಮಾಡ್ತಾರೆ, ಆಮೇಲೆ ಆಸಿಡ್ಡಲ್ಲಿ ತೊಳೀತಾರೆ. ಬೇರೆಯವೆಲ್ಲ ಬಣ್ಣ ಬಿಡ್ತವೆ, ಇದು ಬಿಡಲ್ಲ. ಆಮೇಲೆ ನೀಲಿ ಹಾಕಿದ್ರೆ ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳ ಥರ ಇವು ಮಾತ್ರ ಎದ್ದು ಕಾಣ್ತವೆ. ಆಸಿಡ್ ಫಾಸ್ಟ್ ಅಂದ್ರೆ ಆಸಿಡ್ ಹಾಕಿದ್ರೂ ಬಣ್ಣ ಬಿಡದ್ದು ಅಂತ ಅಷ್ಟೇ. ರಾಬರ್ಟ್ ಕಾಕ್ 1882ರ ಮಾರ್ಚ್ 24ಕ್ಕೆ ಬರ್ಲಿನ್ನಲ್ಲಿ ಈ ರೋಗಾಣು ಸಿಕ್ಕಿದೆ ಅಂತ ಹೇಳಿದ್ರು, ಅದೇ ವರ್ಷ ಪಾಲ್ ಎರ್ಲಿಕ್ ಈ ಆಸಿಡ್ ಗುಣ ಕಂಡುಹಿಡಿದ್ರು, ಅದನ್ನ ಜೀಲ್ ಮತ್ತು ನೀಲ್ಸನ್ ಅನ್ನೋ ಇಬ್ಬರು ತಿದ್ದಿದ ವಿಧಾನ ಇವತ್ತಿಗೂ ಅವರ ಹೆಸರಲ್ಲೇ ನಡೀತಿದೆ. 1959ರಲ್ಲಿ ಬೆಂಗಳೂರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಸಂಸ್ಥೆಯವರು ಕೆಲಸ ಮಾಡಿ ರೂಪಿಸಿದ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮ ನಿಂತಿದ್ದೂ ಹಳ್ಳಿ ಕಡೆ ಆಸ್ಪತ್ರೆಯ ಮೈಕ್ರೋಸ್ಕೋಪು, ಈ ಬಣ್ಣ ಇವುಗಳ ಮೇಲೇನೇ.

ನಿಜ ಹೇಳಬೇಕಂದ್ರೆ ಬ್ಯಾಕ್ಟೀರಿಯಾ ಲೋಕದಲ್ಲಿ ಇದು ಮಹಾ ನಿಧಾನ. ನಮ್ಮ ಕರುಳಿನ ಇ. ಕೋಲೈ ಲ್ಯಾಬಲ್ಲಿ 20 ನಿಮಿಷಕ್ಕೆ ಒಂದು ಎರಡಾಗುತ್ತೆ, ಇದಕ್ಕೆ 15ರಿಂದ 20 ಗಂಟೆ ಬೇಕು, ರೋಗಾಣು ಬೆಳೆಸಿ ನೋಡೋ ಕಲ್ಚರ್ ರಿಪೋರ್ಟಿಗೆ ವಾರಗಟ್ಟಲೆ ಕಾಯಿಸೋದು ಅದಕ್ಕೆ. ಹಾಗಂತ ಅಸಡ್ಡೆ ಬೇಡ. ಆ ಸಾಲು ಕಂಡಿದೆ ಅಂದ್ರೆ ಕ್ಷಯ ಇರೋ ಸಾಧ್ಯತೆ ದೊಡ್ಡದು, ಕೆಮ್ಮಿದಾಗ ಮನೆಯವರಿಗೂ ಹರಡುತ್ತೆ, ಸರ್ಕಾರಿ ಆಸ್ಪತ್ರೇಲಿ ಔಷಧಿ ಫ್ರೀ. ಇವತ್ತೇ ಕರ್ಕೊಂಡು ಹೋಗಿ, ಮಾತ್ರೆ ಪೂರ್ತಿ ಕೋರ್ಸ್ ಮುಗಿಸಿ.

ಪ್ರಶ್ನೆ: ಬ್ರೇಕ್‌ಫಾಸ್ಟ್ ಅಂದ್ರೆ ಉಪವಾಸ ಮುರಿಯೋದು, ಗೊತ್ತು. ನಮ್ಮ ಕಡೆಯ ‘ನಾಷ್ಟಾ’ಕ್ಕೂ ಏನಾದ್ರೂ ಕಥೆ ಇದೆಯೇನ್ರಿ? (ಟೀಚರ್, ಕಲಬುರಗಿ)

ಉತ್ತರ: ಇದೆ, ಚೆನ್ನಾಗೇ ಇದೆ. ಪಾರ್ಸಿಯಲ್ಲಿ ನಾಷ್ಟಾ ಅಂದ್ರೆ ಬೆಳಿಗ್ಗೆಯಿಂದ ಏನೂ ತಿನ್ನದೇ ಖಾಲಿ ಹೊಟ್ಟೇಲಿರೋದು! ಇವತ್ತಿಗೂ ಇರಾನಿನ ಲ್ಯಾಬಲ್ಲಿ ರಕ್ತ ಕೊಡೋಕೆ ‘ನಾಷ್ಟಾ’ ಬನ್ನಿ ಅಂದ್ರೆ ಏನೂ ತಿನ್ನದೇ ಬನ್ನಿ ಅಂತ. ನಮ್ಮ ಕಡೆಯವರು ಉಪ್ಪಿಟ್ಟು ಹೊಡ್ಕೊಂಡು ಹೋದ್ರೆ ಫಾಸ್ಟಿಂಗ್ ಶುಗರ್ ಏನಾಗಬೇಡ. ಖಾಲಿ ಹೊಟ್ಟೆಯ ಹೆಸರು ಅದನ್ನ ತುಂಬಿಸೋ ತಿಂಡಿಗೆ ಬಂದು ಕೂತಿದೆ. ಇಂಗ್ಲಿಷಿನ ಬ್ರೇಕ್‌ಫಾಸ್ಟ್ 15ನೇ ಶತಮಾನದ್ದು. ಇನ್ನೊಂದು ತಮಾಷೆ, ‘ಡಿನ್ನರ್’ ಕೂಡ ಫ್ರೆಂಚ್ ಮೂಲಕ ಬಂದಿರೋದು ಉಪವಾಸ ಮುರಿಯೋದು ಅನ್ನೋ ಲ್ಯಾಟಿನ್ ಮಾತಿಂದಾನೇ, ಊಟದ ಹೊತ್ತು ಜರುಗ್ತಾ ಜರುಗ್ತಾ ರಾತ್ರಿಗೆ ಬಂದು ನಿಂತಿದೆ.

ಪ್ರಶ್ನೆ: ಬೆಲ್‌ಫಾಸ್ಟ್ ಊರಿನ ಹೆಸರಲ್ಲಿರೋದೂ ಇದೇನಾ? (ವಿದ್ಯಾರ್ಥಿ, ಶಿರಸಿ)

ಉತ್ತರ: ಅಲ್ಲ. ಅದು ಐರಿಷ್ ಹೆಸರು, ಮರಳು ದಿಬ್ಬದ ಹತ್ರದ ನದೀಮುಖ ಅಂತೇನೋ ಅರ್ಥ, ಇಂಗ್ಲಿಷಿನವರ ಬಾಯಲ್ಲಿ ಹಾಗಾಯ್ತು.

ಪ್ರಶ್ನೆ: ಮೋಸ ಮಾಡೋದಕ್ಕೆ ‘ಪ್ಲೇಯಿಂಗ್ ಫಾಸ್ಟ್ ಅಂಡ್ ಲೂಸ್’ ಅಂತಾರಲ್ಲ, ಅದು ಯಾವ ಫಾಸ್ಟು? (ನಿವೃತ್ತ ನೌಕರ, ಮೈಸೂರು)

ಉತ್ತರ: ಬಿಗಿ ಅನ್ನೋ ಫಾಸ್ಟೇ ಸರ್. 16ನೇ ಶತಮಾನದ ಇಂಗ್ಲೆಂಡಿನ ಜಾತ್ರೆಗಳಲ್ಲಿ ಒಂದು ಜೂಜಿತ್ತು. ಉದ್ದನೆಯ ಬೆಲ್ಟನ್ನ ಮಡಚಿ ಸುತ್ತಿ ಮೇಜಿನ ಮೇಲಿಡೋದು, ಮಡಿಕೆ ನಡುವೆ ಕಡ್ಡಿ ಚುಚ್ಚಿ ಬೆಲ್ಟನ್ನ ಮೇಜಿಗೆ ಸಿಕ್ಕಿಸಿಬಿಟ್ರೆ ನಿನಗೆ ದುಡ್ಡು ಅಂತ ಕರೆಯೋದು. ಚುಚ್ಚಿದವನಿಗೆ ಬಿಗಿಯಾಗೇ ಸಿಕ್ಕಿದೆ ಅನ್ಸೋದು, ಆಡಿಸೋನು ಎರಡು ತುದಿ ಹಿಡಿದು ಎಳೆದ್ರೆ ಸರಕ್ಕಂತ ಬಿಚ್ಕೊಂಡು ಬರೋದು. ಮಡಚೋದರಲ್ಲೇ ಮೋಸ ಇತ್ತು. ಫಾಸ್ಟ್ ಅಂದ್ರೆ ಸಿಕ್ಕಿದ್ದು, ಲೂಸ್ ಅಂದ್ರೆ ಬಿಚ್ಚಿಕೊಂಡಿದ್ದು.

ನಮ್ಮ ಹೆದ್ದಾರಿಲೂ ಈಗ ಈ ಆಟ ಇದೆ. ಟೋಲಿನ ಫಾಸ್ಟ್ಯಾಗನ್ನ ಗಾಜಿಗೆ ಅಂಟಿಸದೇ ಕೈಯಲ್ಲಿ ಹಿಡ್ಕೊಂಡು ತೋರಿಸೋರು ಜಾಸ್ತಿಯಾಗಿ, 2025ರ ಜುಲೈಯಲ್ಲಿ ಹೆದ್ದಾರಿ ಪ್ರಾಧಿಕಾರದವರು ಅಂಥ ಟ್ಯಾಗುಗಳನ್ನ ಬ್ಲ್ಯಾಕ್‌ಲಿಸ್ಟ್ ಮಾಡ್ತೀವಿ ಅಂದ್ರು. ಅವರು ಅದಕ್ಕೆ ಇಟ್ಟ ಹೆಸರು ‘ಲೂಸ್ ಫಾಸ್ಟ್ಯಾಗ್’.