ಅಗೆಯದೆ ಏರುಮಡಿ: ತಳಕ್ಕೇನು, ಮೇಲಕ್ಕೇನು?

ಪ್ರಶ್ನೆ: ತರಕಾರಿ ಬೆಳೆಯಲು 8 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಎತ್ತರದ ಮರದ ಚೌಕಟ್ಟು ಮಾಡಿಸಿದ್ದೇನೆ. ಒಳಗಿನ ನೆಲದಲ್ಲಿ ಗರಿಕೆ, ಜೇಕು ತುಂಬಿವೆ. ಅಗೆಯದೆ ಮೇಲೆಯೇ ಮಡಿ ಮಾಡಬಹುದೇ? ಕಳೆ ಬಾರದಂತೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಲೇ? ಒಣಗಿದ ಎಲೆ ಮತ್ತು ಮರದ ಹೊಟ್ಟು ಬೇಕಾದಷ್ಟಿದೆ. ಅವನ್ನೇ ತುಂಬಿದರೆ ಸಾಲದೇ?

ಉತ್ತರ: ಅಗೆಯುವ ಅಗತ್ಯವಿಲ್ಲ, ಪ್ಲಾಸ್ಟಿಕ್ ಹಾಳೆಯನ್ನಂತೂ ದಯವಿಟ್ಟು ಹಾಸಬೇಡಿ. ಮಡಿಗೂ ಕೆಳಗಿನ ನೆಲಕ್ಕೂ ನಡುವೆ ಶಾಶ್ವತವಾದ ತಡೆ ಇಲ್ಲದಿರುವುದೇ ಈ ಪದ್ಧತಿಯ ಬಲ. ಎರೆಹುಳುಗಳು ಕೆಳಗಿನಿಂದ ಬಂದು ಗೊಬ್ಬರವನ್ನು ಆಳಕ್ಕೆ ಒಯ್ಯುತ್ತವೆ, ಹೆಚ್ಚಾದ ನೀರು ಇಂಗಿಹೋಗುತ್ತದೆ, ಬೇರುಗಳು ಒಂದು ಅಡಿಗೇ ನಿಲ್ಲದೆ ಕೆಳಗಿಳಿಯುತ್ತವೆ. ಗುದ್ದಲಿ ಹಾಕಿದರೆ ಆಗುವುದೇ ಬೇರೆ: ತುಂಡಾದ ಗರಿಕೆಯ ಗೆಣ್ಣುಗಳು ಮತ್ತೆ ಚಿಗುರುತ್ತವೆ, ಆಳದಲ್ಲಿ ಸುಪ್ತವಾಗಿದ್ದ ಕಳೆಬೀಜಗಳು ಬೆಳಕು ಕಂಡು ಮೊಳೆಯುತ್ತವೆ.

ಹುಲ್ಲನ್ನು ನೆಲಮಟ್ಟಕ್ಕೆ ಕತ್ತರಿಸಿ, ಅಲ್ಲಿಯೇ ಬಿಟ್ಟು, ನೀರುಣಿಸಿ, ಅದರ ಮೇಲೆ ರಟ್ಟನ್ನು ಹಾಸಿ. ಕಂದು ಬಣ್ಣದ ಸಾದಾ ರಟ್ಟಾಗಿರಲಿ. ಟೇಪು, ಪಿನ್ನುಗಳನ್ನೆಲ್ಲ ಕಿತ್ತುಹಾಕಿ, ಹೊಳಪಿನ ಮುದ್ರಣವಿರುವುದನ್ನು ಕೈಬಿಡಿ. ಒಂದರ ಅಂಚು ಇನ್ನೊಂದರ ಮೇಲೆ ಕನಿಷ್ಠ 6 ಇಂಚು ಬರಬೇಕು, ಏಕೆಂದರೆ ಗರಿಕೆ ರಟ್ಟನ್ನು ತೂತು ಮಾಡುವುದಕ್ಕಿಂತ ಸಂದುಗಳನ್ನು ಹುಡುಕಿಕೊಂಡು ಹೊರಬರುವುದೇ ಹೆಚ್ಚು. ಚೌಕಟ್ಟಿನ ಅಂಚಿನಡಿಯಿಂದ ರಟ್ಟು ಸ್ವಲ್ಪ ಹೊರಗೂ ಚಾಚಿರಲಿ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಕುಸಿಯುವಷ್ಟು ಅದನ್ನು ನೆನೆಸಿ; ಒಣ ರಟ್ಟು ನೀರನ್ನು ತಡೆಯುತ್ತದೆ, ಬೇಗ ಕೊಳೆಯುವುದೂ ಇಲ್ಲ. ಜೇಕಿನ ಮೊನೆಚಾದ ಚಿಗುರು ಮಾತ್ರ ರಟ್ಟನ್ನೂ ಸೀಳಿಕೊಂಡು ಬರಬಲ್ಲದು. ಕಂಡಾಗಲೆಲ್ಲ, ಚಿಗುರು ಎಳೆಯದಾಗಿರುವಾಗಲೇ, ಬಿಡದೆ ಕೀಳುತ್ತಿದ್ದರೆ ಗಡ್ಡೆಯ ಶಕ್ತಿ ಕ್ರಮೇಣ ಕುಂದುತ್ತದೆ.

ತುಂಬುವ ವಿಷಯದಲ್ಲಿ ಒಂದೇ ನಿಯಮವನ್ನು ನೆನಪಿಡಿ: ಕಳಿತದ್ದು ಮೇಲೆ, ಕಳಿಯದ್ದು ಕೆಳಗೆ. ನಿಮ್ಮ ಚೌಕಟ್ಟಿಗೆ 32 ಘನ ಅಡಿ, ಅಂದರೆ ಸುಮಾರು 900 ಲೀಟರ್ ಸಾಮಗ್ರಿ ಬೇಕು. ಅದರಲ್ಲಿ ಕೆಳಗಿನ ಅರ್ಧಕ್ಕೆ ಒಳ್ಳೆಯ ಮೇಲ್ಮಣ್ಣು, ಅರೆಕಳಿತ ಗೊಬ್ಬರ ಮತ್ತು ಒಣ ಎಲೆಯ ತೆಳುವಾದ ಪದರಗಳನ್ನು ಹಾಕಿ. ಮೇಲಿನ 6 ಇಂಚು ಪೂರ್ತಿಯಾಗಿ ಮಾಗಿದ, ಕೈಯಲ್ಲಿ ಹಿಡಿದರೆ ಕಾಡಿನ ಮಣ್ಣಿನ ವಾಸನೆ ಬರುವ ಕಾಂಪೋಸ್ಟ್ ಆಗಿರಲಿ. ಪ್ರತಿ ಪದರವನ್ನೂ ನೆನೆಸಿ ಕಾಲಿನಿಂದ ಹಗುರವಾಗಿ ಅದುಮಿ. ಎಷ್ಟು ಅದುಮಿದರೂ ಮಡಿ ಮೊದಲ ವರ್ಷ ಕೆಲವು ಇಂಚು ಕುಸಿಯುತ್ತದೆ; ಗಾಬರಿ ಬೇಡ.

ಬರೀ ಎಲೆ ಮತ್ತು ಹೊಟ್ಟು ತುಂಬಿದರೆ ಸಾಲದು. ಮರದ ಹೊಟ್ಟಿನಲ್ಲಿ ಇಂಗಾಲ ಅತಿಯಾಗಿ, ಸಾರಜನಕ ಅತ್ಯಲ್ಪವಾಗಿ ಇರುವುದರಿಂದ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಸುತ್ತಲಿನ ಸಾರಜನಕವನ್ನು ತಾವೇ ಹೀರಿಕೊಳ್ಳುತ್ತವೆ ಮತ್ತು ಸಸಿಗಳು ಹಳದಿಗಟ್ಟುತ್ತವೆ. ಹೊಟ್ಟನ್ನು ಮಡಿಗಳ ನಡುವಿನ ಕಾಲುದಾರಿಗೆ ಹರಡಿ. ಅದಕ್ಕಿಂತ ಒಳ್ಳೆಯ ಉಪಯೋಗ ಅದಕ್ಕಿಲ್ಲವೆಂದೇ ನನ್ನ ಅಭಿಪ್ರಾಯ. ಹಸಿ ಸಗಣಿಯನ್ನೂ ನೇರವಾಗಿ ಹಾಕಬೇಡಿ, ಬೇರು ಸುಡುತ್ತದೆ.

ಎಳೆಯ ಸಸಿಗಳನ್ನು ಅದೇ ದಿನ ನೆಡಬಹುದು. ಮೂಲಂಗಿ, ಗಜ್ಜರಿಯಂತಹ ಆಳದ ಬೇರಿನ ಬೆಳೆಗಳನ್ನು ಮಾತ್ರ ರಟ್ಟು ಕರಗುವವರೆಗೆ, ಅಂದರೆ ಎರಡು-ಮೂರು ತಿಂಗಳು, ತಡೆಯಿರಿ. ಬೆಳೆ ಮುಗಿದಾಗ ಗಿಡವನ್ನು ಕೀಳದೆ ಬುಡದಲ್ಲಿ ಕತ್ತರಿಸಿ, ಬೇರನ್ನು ಒಳಗೇ ಬಿಟ್ಟು, ವರ್ಷಕ್ಕೊಮ್ಮೆ ಒಂದೆರಡು ಇಂಚು ಕಾಂಪೋಸ್ಟನ್ನು ಕೆದಕದೆ ಮೇಲೆ ಹರಡಿ.