ಬೈ ಅಂಡ್ ಲಾರ್ಜ್ ಅನ್ನೋ ಮಾತಿಗೂ ಹಡಗಿಗೂ ಏನ್ ಸಂಬಂಧ?

"ಬೈ ಅಂಡ್ ಲಾರ್ಜ್" ಅಂದ್ರೆ ಒಟ್ಟಾರೆ, ಬಹುಮಟ್ಟಿಗೆ ಅಂತ ಗೊತ್ತು, ಆದ್ರೆ ಇದು ಹಡಗಿನವರ ಮಾತು ಅಂತಾರಲ್ಲ ನಿಜಾನಾ ಅಂತ ಕೇಳಿದೀರ. ನಿಜಾನೇ, 1669ರ ಒಂದು ಇಂಗ್ಲಿಷ್ ನಾವಿಕರ ಪುಸ್ತಕದಲ್ಲೇ ಈ ಜೋಡಿಪದ ಸಿಗತ್ತೆ.

ಇಲ್ಲಿ ಲಾರ್ಜ್ ಅಂದ್ರೆ ದೊಡ್ಡದು ಅಂತಲ್ಲ. ಗಾಳಿ ಹಿಂದಿನಿಂದಾನೋ ಹಿಂದಿನ ಓರೆಯಿಂದಾನೋ ಬೀಸ್ತಿದ್ರೆ ಹಡಗು ಲಾರ್ಜ್ ಹೋಗ್ತಿದೆ ಅಂತಿದ್ರು, ಅದು ಸಲೀಸು. ಬೈ ಅಂದ್ರೆ ಗಾಳಿ ಬರೋ ದಿಕ್ಕಿಗೆ ಆದಷ್ಟು ಹತ್ರ ಮೂತಿ ಇಟ್ಕೊಂಡು ಹೋಗೋದು. ಯಾವ ಹಾಯಿಹಡಗೂ ಗಾಳಿಗೆ ನೇರ ಎದುರಾಗಿ ಹೋಗೋಕಾಗಲ್ಲ, ಹಳೇ ಚೌಕದ ಹಾಯಿಯವಕ್ಕಂತೂ ಸುಮಾರು 67 ಡಿಗ್ರಿ ಓರೆ ಬೇಕಿತ್ತು, ಅದಕ್ಕೇ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾವಿನ ಥರ ಹೋಗ್ತಿದ್ವು.

ಆಷಾಢದಲ್ಲಿ ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ ಸೈಕಲ್ ತುಳಿದು ನೋಡಿ, ಹೋಗ್ತಾ ಎದುರುಗಾಳಿಗೆ ಶರ್ಟು ಎದೆಗೆ ಅಂಟ್ಕೊಂಡು ಇಳಿಜಾರಲ್ಲೂ ಪೆಡಲ್ ಮೇಲೆ ಎದ್ದು ನಿಂತು ತುಳೀಬೇಕು, ವಾಪಸ್ ಬರುವಾಗ ಅದೇ ಗಾಳಿ ಬೆನ್ನು ಹಿಡಿದು ತಳ್ಳತ್ತೆ. ಎರಡೂ ಕಡೆಗೆ ಚೆನ್ನಾಗಿ ಓಡೋ ಹಡಗನ್ನೇ ಬೈ ಅಂಡ್ ಲಾರ್ಜ್ ಒಳ್ಳೇದು ಅಂತಿದ್ದಿದ್ದು, ಅಂದ್ರೆ ಗಾಳಿ ಹೆಂಗಿದ್ರೂ ಸರಿ ಅಂತ. ಅಲ್ಲಿಂದಾನೇ "ಒಟ್ಟಾರೆ" ಅನ್ನೋ ಅರ್ಥ ಬಂತು.

ಬಳಸುವಾಗ ಒಂದು ನೆನಪಿರ್ಲಿ, ಇದು ಪೂರ್ತಿ ಅನ್ನೋದಕ್ಕೆ ಬರಲ್ಲ. "ಬೈ ಅಂಡ್ ಲಾರ್ಜ್ ಈ ಸಲ ಭತ್ತ ಚೆನ್ನಾಗಿದೆ" ಅಂದ್ರೆ ನಾಲೆ ಕೊನೇಲಿರೋ ಒಂದೆರಡು ಗದ್ದೆ ಒಣಗಿರಬಹುದು.