ಓದುಗರ ಪ್ರಶ್ನೆ, ವಕೀಲರ ಉತ್ತರ: ಪರಿಸರ ಕಾನೂನು ಓದೋಕೆ ವರ್ಮಾಂಟ್‌ಗೇ ಹೋಗ್ಬೇಕಾ?

ಪ್ರಶ್ನೆ: ನಮಸ್ತೆ ಮೇಡಂ, ನಾವು ಶಿರಸಿ ಕಡೆಯವರು, ಸ್ವಲ್ಪ ಅಡಿಕೆ ತೋಟ ಇದೆ. ಮಗಳು ಬಿಎಸ್ಸಿ ಕೊನೇ ವರ್ಷ. ಅಮೆರಿಕದ ವರ್ಮಾಂಟ್‌ನಲ್ಲಿ ಪರಿಸರ ಕಾನೂನಿಗೇ ಹೆಸರಾದ ಲಾ ಸ್ಕೂಲ್ ಇದೆ, ಅಲ್ಲೇ ಓದಿ ವಾಪಸ್ ಬಂದು ಇಲ್ಲಿ ಕಾಡು, ಹೊಳೆ ಪರ ಕೇಸ್ ನಡೆಸ್ತೀನಿ ಅಂತ ಹಟ ಹಿಡಿದಿದ್ದಾಳೆ. ಪ್ರೈವೇಟ್ ಅಂತೆ, ಯೂನಿವರ್ಸಿಟಿನೂ ಅಲ್ವಂತೆ. ನಂಬಬಹುದಾ? ತೋಟದ ಮೇಲೆ ಸಾಲ ತೆಗೀಲಾ?

ಉತ್ತರ: ಕಾಲೇಜು ನಂಬೋಕೆ ತಕ್ಕದ್ದೇ, ಅದರ ಬಗ್ಗೆ ಅನುಮಾನ ಬೇಡ. ಆದ್ರೆ ತೋಟದ ಮೇಲೆ ಈಗ್ಲೇ ಸಾಲ ತೆಗೀಬೇಡಿ.

ಮಗಳು ಹೇಳ್ತಿರೋದು ವರ್ಮಾಂಟ್ ಲಾ ಸ್ಕೂಲ್ ಬಗ್ಗೆ, 2022ರಿಂದ ಅದರ ಹೆಸರು ವರ್ಮಾಂಟ್ ಲಾ ಅಂಡ್ ಗ್ರಾಜುಯೇಟ್ ಸ್ಕೂಲ್ ಅಂತಾಗಿದೆ. 1972ರಲ್ಲಿ ಸ್ಥಾಪನೆ ಆಗಿದ್ದು, ಸೌತ್ ರಾಯಲ್ಟನ್ ಅನ್ನೋ ಸಣ್ಣ ಹಳ್ಳಿಲಿ, ವೈಟ್ ರಿವರ್ ಅನ್ನೋ ಹೊಳೆ ಪಕ್ಕ. ಊರಿನ ಹಳೇ ಶಾಲಾ ಕಟ್ಟಡದಲ್ಲಿ ಕ್ಲಾಸ್ ಶುರು ಮಾಡಿದ್ರು, ಆ ಕಟ್ಟಡ ಇವತ್ತೂ ಕ್ಯಾಂಪಸ್‌ನಲ್ಲಿದೆ. ಇಡೀ ರಾಜ್ಯಕ್ಕೆ ಅದೊಂದೇ ಲಾ ಕಾಲೇಜು, ಯಾವ ಯೂನಿವರ್ಸಿಟಿ ಕೆಳಗೂ ಬರಲ್ಲ, ಆದ್ರೆ ಅಲ್ಲಿನ ವಕೀಲರ ಸಂಘ, ಅಮೆರಿಕನ್ ಬಾರ್ ಅಸೋಸಿಯೇಷನ್‌ನ ಮಾನ್ಯತೆ ಇದೆ. 1978ರಲ್ಲಿ ಪರಿಸರ ಕಾನೂನಿಗೆ ಅಂತಲೇ ಒಂದು ಕೇಂದ್ರ ತೆರೆದ್ರು, ಅವತ್ತಿಂದ ಆ ದಾರಿ ಬಿಟ್ಟಿಲ್ಲ. ಆ ದೇಶದ ರ‍್ಯಾಂಕಿಂಗ್‌ನಲ್ಲಿ ಪರಿಸರ ಕಾನೂನಿಗೆ ಎಷ್ಟೋ ವರ್ಷ ದೊಡ್ಡ ದೊಡ್ಡ ಯೂನಿವರ್ಸಿಟಿಗಳನ್ನ ಹಿಂದೆ ಹಾಕಿ ಮೊದಲ ಸ್ಥಾನದಲ್ಲಿ ಕೂತಿದೆ.

ಇಂಥ ಕಾಲೇಜು ಅಲ್ಲೇ ಬೆಳೆಯೋಕೆ ಆ ನೆಲವೂ ಒಂದು ಕಾರಣ ಅಂತ ನನಗನ್ಸುತ್ತೆ. ವರ್ಮಾಂಟ್‌ಗೆ ದೊಡ್ಡ ಹೈವೇ ಬಂತು, ಹಿಮದಲ್ಲಿ ಆಡೋಕೆ ಬರೋ ಪ್ರವಾಸಿಗಳಿಗೆ ರೆಸಾರ್ಟು, ಬೆಟ್ಟದ ಮೇಲೆ ಮನೆಗಳು ಏಳೋಕೆ ಶುರುವಾದ್ವು, ಕೊಳಚೆ ಎಲ್ಲಿಗೆ ಹೋಗ್ಬೇಕು ಅನ್ನೋದನ್ನ ಕೇಳೋರಿಲ್ಲ. (ನಮ್ಮ ಘಟ್ಟದ ಮೇಲಿನ ಹೋಂಸ್ಟೇ, ಲೇಔಟ್ ನೋಡಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.) ಆಗ 1970ರಲ್ಲಿ ಆ ರಾಜ್ಯ ಆ್ಯಕ್ಟ್ 250 ಅಂತ ಕಾನೂನು ತಂತು. ದೊಡ್ಡ ಯೋಜನೆ ಏನೇ ಇರ್ಲಿ, ನೀರು, ಮಣ್ಣಿನ ಸವಕಳಿ, ರಸ್ತೆ ಮೇಲಿನ ಹೊರೆ, ಊರಿನ ಶಾಲೆ ಮೇಲೆ ಬೀಳೋ ಭಾರ, ನೋಟದ ಚೆಂದ, ಹೀಗೆ 10 ಮಾನದಂಡ ದಾಟ್ಲೇಬೇಕು, ಮತ್ತೆ ಅದನ್ನ ಮೊದಲು ವಿಚಾರಣೆ ಮಾಡೋರು ಅಧಿಕಾರಿಗಳಲ್ಲ, ಆಯಾ ಭಾಗದ ನಾಗರಿಕರಿರೋ ಜಿಲ್ಲಾ ಆಯೋಗ. ಕಾನೂನು ಬಂದು 2 ವರ್ಷಕ್ಕೆ ಕಾಲೇಜು ಬಂತು.

ಅಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗೋದು ಕ್ಲಿನಿಕ್ ಪದ್ಧತಿ. ವಿದ್ಯಾರ್ಥಿಗಳು ನಿಜವಾದ ಕಕ್ಷಿದಾರರ ನಿಜವಾದ ಕೇಸ್ ಮೇಲೆ, ಅನುಭವಿ ವಕೀಲರ ಕಣ್ಣೆದುರಿಗೆ ಕೆಲಸ ಮಾಡ್ತಾರೆ. ಒಂದು ಕ್ಲಿನಿಕ್ ಪರಿಸರದ ಕೇಸ್‌ಗಳಿಗೆ, ಇನ್ನೊಂದು ವಕೀಲರಿಗೆ ಫೀಸ್ ಕೊಡೋಕಾಗದ ಬಡವರಿಗೆ. ಕಂಪನಿ ಕೊಟ್ಟ ವರದಿಯ 300ನೇ ಪುಟದ ಕೋಷ್ಟಕದಲ್ಲಿ ಹೊಳೆ ನೀರಿನ ಹರಿವನ್ನ ಮಳೆಗಾಲದ ಒಂದೇ ತಿಂಗಳದ್ದು ಹಾಕಿ ಇಡೀ ವರ್ಷದ್ದು ಅಂತ ತೋರ್ಸಿದ್ರೆ ಅದನ್ನ ಹಿಡಿಯೋ ಕಣ್ಣು ಬರೋದು ಇಂಥ ಕೆಲಸದಿಂದ, ಬರೀ ಲೆಕ್ಚರ್ ಕೇಳಿದ್ರೆ ಬರಲ್ಲ.

ಇಷ್ಟೆಲ್ಲ ಹೊಗಳಿ ಯಾಕೆ ಬೇಡ ಅಂತೀನಿ ಅಂದ್ರೆ, ಡಿಗ್ರಿ ಮುಗಿಸಿದೋರು ಅಲ್ಲಿ ವಕೀಲರಾಗೋಕೆ ಓದೋದು ಜೆಡಿ ಅಂತ 3 ವರ್ಷದ ಕೋರ್ಸು, ಅದರಲ್ಲಿ ಕಲಿಯೋದು ಅಮೆರಿಕದ ಕಾನೂನು, ಅಲ್ಲಿನ ಕ್ಲೀನ್ ವಾಟರ್ ಆ್ಯಕ್ಟ್, ಅಲ್ಲಿನ ಕೋರ್ಟ್ ಪದ್ಧತಿ. ಅದನ್ನ ಓದ್ಕೊಂಡು ಬಂದು ಹೈಕೋರ್ಟಿನ ಧಾರವಾಡ ಪೀಠದಲ್ಲಿ ನೇರವಾಗಿ ನಿಲ್ಲೋಕಾಗಲ್ಲ, ಆ ಡಿಗ್ರಿಯನ್ನ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಬೇಕು, ಅದರ ಮೇಲೆ ಅವರ ಅರ್ಹತಾ ಪರೀಕ್ಷೆ ಬೇರೆ. ಮಗಳ ಮನಸ್ಸು ಇಲ್ಲಿನ ಕಾಡಿನ ಮೇಲಿದ್ರೆ ಮೊದಲು ಇಲ್ಲೇ 3 ವರ್ಷದ ಎಲ್‌ಎಲ್‌ಬಿ ಮಾಡ್ಲಿ. ಅದರಲ್ಲಿ ಪರಿಸರ ಕಾನೂನು ಹೇಗೂ ಕಡ್ಡಾಯ ಪೇಪರ್. ಬಿಎಸ್ಸಿ ಓದಿರೋದು ಅವಳಿಗೆ ದೊಡ್ಡ ಬಲ, ನೀರಿನ ಪರೀಕ್ಷೆ ವರದಿಯನ್ನ ತಾನೇ ಓದಿ ಅರ್ಥ ಮಾಡ್ಕೊಳ್ಳೋ ವಕೀಲರು ನಮ್ಮಲ್ಲಿ ತೀರಾ ಕಮ್ಮಿ. ಆಮೇಲೆ ಎರಡು ಮೂರು ವರ್ಷ ಯಾರಾದ್ರೂ ಸೀನಿಯರ್ ಹತ್ರ ಪ್ರಾಕ್ಟೀಸ್ ಮಾಡಿ, ಅಷ್ಟಾದ್ಮೇಲೂ ಆಸೆ ಇದ್ರೆ ಎಲ್‌ಎಲ್‌ಎಂಗೆ, ಅಂದ್ರೆ ಕಾನೂನಿನ ಸ್ನಾತಕೋತ್ತರ ಪದವಿಗೆ, ವರ್ಮಾಂಟ್‌ಗೆ ಹೋಗ್ಲಿ, ಸ್ಕಾಲರ್‌ಶಿಪ್‌ಗೂ ಅರ್ಜಿ ಹಾಕ್ಲಿ. ಹಟ ಒಳ್ಳೇದೇ, ಅದನ್ನ ಮುರೀಬೇಡಿ.

ಪ್ರಶ್ನೆ: ಹೊಸಪೇಟೆಲಿ ವಕೀಲ, ಪ್ರಾಕ್ಟೀಸ್ ಶುರು ಮಾಡಿ ಕೆಲವು ವರ್ಷ ಆಯ್ತು. ಗಣಿ ಕೇಸ್‌ಗಳಲ್ಲಿ ಆಸಕ್ತಿ. ವರ್ಮಾಂಟ್‌ನ ಎಲ್‌ಎಲ್‌ಎಂ ನನಗೆ ಉಪಯೋಗ ಆಗುತ್ತಾ?

ಉತ್ತರ: ಆಗುತ್ತೆ, ನಿಮ್ಮಂಥವರಿಗೇ ಜಾಸ್ತಿ ಆಗುತ್ತೆ, ಯಾಕಂದ್ರೆ ಏನು ಕೇಳ್ಬೇಕು ಅಂತ ಗೊತ್ತಿದ್ದು ಹೋಗ್ತೀರಿ. ಆದ್ರೆ ಹೋಗೋ ಮೊದಲು ನಿಮ್ಮ ಊರಿನ ಸುತ್ತಲಿನ ಅಕ್ರಮ ಗಣಿಗಾರಿಕೆ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಅನ್ನೋ ಸಂಘಟನೆ ಹಾಕಿದ ಕೇಸನ್ನ ಪೂರ್ತಿ ಓದಿ, ಬರೀ ತೀರ್ಪಲ್ಲ, ಸುಪ್ರೀಂ ಕೋರ್ಟ್ ನೇಮಿಸಿದ ಕೇಂದ್ರ ಉನ್ನತಾಧಿಕಾರ ಸಮಿತಿಯ ವರದಿಗಳನ್ನೂ ಸೇರಿಸಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಲಿ ಗಣಿ ನಿಲ್ಲಿಸ್ತು, ಮುಂದಿನ ತಿಂಗಳು ತುಮಕೂರು, ಚಿತ್ರದುರ್ಗಕ್ಕೂ ಅದನ್ನ ವಿಸ್ತರಿಸ್ತು. ಗಡಿ ಸರ್ವೆ ಮಾಡ್ಸಿ ಗುತ್ತಿಗೆಗಳನ್ನ ಎ, ಬಿ, ಸಿ ಅಂತ ವಿಂಗಡಿಸಿದ್ರು, ಮಂಜೂರಾದ ಗಡಿ ದಾಟಿ ಎಷ್ಟು ನೆಲ ಅಗೆದಿದ್ದಾರೆ, ಎಷ್ಟು ಕಡೆ ಮಣ್ಣು ಸುರಿದಿದ್ದಾರೆ ಅನ್ನೋ ಲೆಕ್ಕದ ಮೇಲೆ. 2013ರ ತೀರ್ಪಲ್ಲಿ ಸಿ ವರ್ಗದ, ಅಂದ್ರೆ ಅತಿ ಹೆಚ್ಚು ಅಕ್ರಮ ಮಾಡಿದ, 51 ಗುತ್ತಿಗೆ ರದ್ದಾದ್ವು. ಅದನ್ನ ಅರಗಿಸ್ಕೊಂಡು ಹೋದ್ರೆ ಅಲ್ಲಿನ ಮೇಷ್ಟ್ರುಗಳಿಗೆ ಹೇಳೋಕೆ ನಿಮ್ಮ ಹತ್ರಾನೂ ವಿಷಯ ಇರುತ್ತೆ.

ಪ್ರಶ್ನೆ: ನ್ಯೂಜೆರ್ಸಿಯಿಂದ ಬರೀತಿದೀನಿ. ಮಗ ವರ್ಮಾಂಟ್‌ನ ಆ ಕಾಲೇಜಿಗೇ ಅರ್ಜಿ ಹಾಕಿದ್ದಾನೆ. ಮೇಷ್ಟ್ರುಗಳ ಕೆಲಸ ಕಿತ್ತರು, ಗೋಡೆ ಮೇಲಿನ ಚಿತ್ರ ಮುಚ್ಚಿದರು ಅಂತೆಲ್ಲ ಕೇಳಿ ಗಾಬರಿ ಆಗಿದೆ.

ಉತ್ತರ: ಎರಡೂ ನಡೆದಿದ್ದೇ. 2018ರಲ್ಲಿ ದುಡ್ಡಿನ ಮುಗ್ಗಟ್ಟು ಅಂತ ಟೆನ್ಯೂರ್, ಅಂದ್ರೆ ಕಾಯಂ ಭದ್ರತೆ ಇದ್ದ 19 ಅಧ್ಯಾಪಕರಲ್ಲಿ 14 ಮಂದಿ ಅದನ್ನ ಕಳ್ಕೊಂಡ್ರು. ಅಮೆರಿಕದ ಅಧ್ಯಾಪಕರ ಸಂಘ ತನಿಖೆ ಮಾಡಿ ಕಟುವಾಗಿ ಟೀಕಿಸ್ತು, ಅದು ಸರಿಯಾದ ಟೀಕೆ. ನ್ಯಾಯ ಕಲಿಸೋ ಜಾಗದಲ್ಲಿ ಕಲಿಸೋರಿಗೇ ಹೀಗಾದ್ರೆ ಅದನ್ನ ಸಣ್ಣದು ಅನ್ನೋಕಾಗಲ್ಲ. ಹಾಗಾಗಿ ಮಗ ಸೇರೋ ಮುಂಚೆ ಯಾವ ಅಧ್ಯಾಪಕರು ಪೂರ್ಣಾವಧಿ ಇದ್ದಾರೆ, ಯಾವ ಕ್ಲಿನಿಕ್ ಈ ವರ್ಷ ನಡೀತಿದೆ, ಅದರಲ್ಲಿ ಎಷ್ಟು ಸೀಟು ಅಂತ ಪತ್ರದಲ್ಲೇ ಕೇಳಿ ಉತ್ತರ ಇಟ್ಕೊಳ್ಲಿ.

ಚಿತ್ರದ ವಿಷಯ ಬೇರೆ. ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬರ್ತಿದ್ದೋರಿಗೆ ವರ್ಮಾಂಟ್ ಜನ ನೆರವಾದ ಕಥೆಯನ್ನ ಸ್ಯಾಮ್ ಕರ್ಸನ್ ಅನ್ನೋ ಕಲಾವಿದ 1993ರಲ್ಲಿ ಕಾಲೇಜಿನ ಗೋಡೆ ಮೇಲೆ ಬರೆದಿದ್ರು, ಅದರಲ್ಲಿ ಕಪ್ಪು ಜನರನ್ನ ತೋರಿಸಿರೋ ರೀತಿ ವ್ಯಂಗ್ಯಚಿತ್ರದ ಹಾಗಿದೆ ಅಂತ ವಿದ್ಯಾರ್ಥಿಗಳು ತಕರಾರು ಎತ್ತಿದ್ರು. ಕಾಲೇಜು ಚಿತ್ರಕ್ಕೆ ತಾಗದ ಹಾಗೆ ಮುಂದೆ ಹಲಗೆ ಕಟ್ಟಿ ಮುಚ್ತು, ಕಲಾವಿದ ಕೋರ್ಟಿಗೆ ಹೋದ್ರು. 2023ರಲ್ಲಿ ಮೇಲ್ಮನವಿ ಕೋರ್ಟು ಮುಚ್ಚೋದು ನಾಶ ಮಾಡಿದ ಹಾಗಲ್ಲ ಅಂತ ಕಾಲೇಜಿನ ಪರ ಹೇಳ್ತು. ಇದರಲ್ಲಿ ಗಾಬರಿ ಬೀಳೋಕೆ ಏನೂ ಇಲ್ಲ, ತಮ್ಮ ಗೋಡೆ ಬಗ್ಗೆ ತಾವೇ ವಾದ ಮಾಡೋ ವಿದ್ಯಾರ್ಥಿಗಳು ಇದ್ದಾರೆ ಅಂದ್ರೆ ಒಳ್ಳೇದೇ ಅಲ್ವಾ.

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಸಣ್ಣ ಊರಿನವನು, ಅಮೆರಿಕ ಎಲ್ಲಿಂದ ಬಂತು. ನಮ್ಮೂರ ಕೆರೆಗೆ ಕಟ್ಟಡದ ಮಣ್ಣು, ಕಲ್ಲು ತಂದು ಸುರೀತಿದ್ದಾರೆ. ಲಾ ಓದದವನು ಏನಾದ್ರೂ ಮಾಡಬಹುದಾ?

ಉತ್ತರ: ಮಾಡಬಹುದು, ಆದ್ರೆ ತಡ ಮಾಡ್ಬೇಡಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ತಕರಾರಿನ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳೊಳಗೆ ಹೋಗ್ಬೇಕು, ತಡಕ್ಕೆ ಸರಿಯಾದ ಕಾರಣ ಇದ್ರೆ ಇನ್ನೊಂದು 60 ದಿನ ಸಿಗಬಹುದು. ಕರ್ನಾಟಕಕ್ಕೆ ಚೆನ್ನೈ ಪೀಠ. ಪರಿಹಾರದ ದುಡ್ಡು ಕೇಳದಿದ್ರೆ ಅರ್ಜಿ ಶುಲ್ಕ 1,000 ರೂಪಾಯಿ, ವಕೀಲರಿಲ್ಲದೆ ನೀವೇ ವಾದ ಮಾಡಬಹುದು. ಅದಕ್ಕೂ ಮುಂಚೆ ಗ್ರಾಮ ನಕ್ಷೆ ಮತ್ತೆ ಕೆರೆಯ ಸರ್ವೆ ನಂಬರಿನ ಪಹಣಿ ತೆಗೆಸಿ, ಕೆರೆ ಅಂಗಳ ಎಲ್ಲಿವರೆಗೆ ಅಂತ ಖಾತ್ರಿ ಮಾಡ್ಕೊಳ್ಳಿ. ಲಾರಿ ನಂಬರ್ ಕಾಣೋ ಹಾಗೆ, ತಾರೀಖು ಬರೋ ಹಾಗೆ ಫೋಟೋ ತೆಗೀರಿ, ಸುತ್ತಲಿನ ಒಂದು ಗುರುತು, ಕೋಡಿನೋ ತೂಬೋ ಫೋಟೋದಲ್ಲಿ ಇರ್ಲಿ. ತಹಸೀಲ್ದಾರ್‌ಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಬಾಯಿ ಮಾತಲ್ಲಿ ಹೇಳಿದ್ದು ಯಾವ ಕೋರ್ಟಲ್ಲೂ ನಿಲ್ಲಲ್ಲ. ಜೊತೆಗೆ ಊರಿನ ನಾಲ್ಕೈದು ಜನ ಸಹಿ ಹಾಕಿದ್ರೆ ಒಬ್ಬರ ಮೇಲೆ ಒತ್ತಡ ಬೀಳೋದು ತಪ್ಪುತ್ತೆ.